ಎತ್ತಿದ ಕಾಲು ಇಳಿಯುವ ಜಾಗ

ಆ ಹಾಡನ್ನು ನಾನು ಒಪ್ಪಿಕೊಂಡದ್ದು ಸಿಟ್ಟಿಗೆ. ಜನಪದದ ಮೇಲಿನ ಪ್ರೀತಿ, ಕಲೆಯ ಸೇವೆ ಎಂದೆಲ್ಲ ಆಮೇಲೆ ಜನ ಹೇಳಿದರು, ನಾನೂ ಹೂಂ ಎಂದು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಬಸವನ ಬಾಗೇವಾಡಿಯ ಒಬ್ಬ ಸ್ಟುಡಿಯೊ ಮಾಲೀಕರ ಮುಖ ತುಂಬಿದ ಸಭೆಯ ಮುಂದೆ ಇಳಿದುಹೋಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಹಲಗಿ ಬಾರಿಸುವವರನ್ನು ಧ್ವನಿಮುದ್ರಿಸಿಕೊಂಡು ಅದರ ಜೊತೆಗೆ ಕಂಪ್ಯೂಟರಿನ ತಾಳ ಕೂಡಿಸುವುದು ನನ್ನ ಕೆಲಸ. ನಮ್ಮ ಕಡೆ ಈಗ ಬರೀ ಹಲಗಿ ಇದ್ದರೆ ಹಾಡು ಓಡುವುದಿಲ್ಲ. ಟ್ರ್ಯಾಕ್ಟರಿಗೆ ಆಳೆತ್ತರದ ಸ್ಪೀಕರ್ ಕಟ್ಟಿಕೊಂಡು ಹೋಗುವವರಿಗೆ ಎದೆಗೆ ಗುದ್ದುವ ಯಂತ್ರದ ಪೆಟ್ಟು ಬೇಕು. ಹಾಡುವವರಿಗೆ ಚರ್ಮದ ಹಲಗಿಯ ಕಸುವು ಬೇಕು. ಎರಡನ್ನೂ ಜೊತೆಗೆ ನಡೆಸುವುದು ಹೇಳಿದಷ್ಟು ಸುಲಭವಲ್ಲ. ಯಂತ್ರ ಗೋಡೆ ಗಡಿಯಾರದ ಹಾಗೆ ಒಂದೇ ಸಮ ನಡೆಯುತ್ತದೆ. ಬಾರಿಸುವ ಮನುಷ್ಯ ಹುರುಪು ಬಂದರೆ ಓಡುತ್ತಾನೆ, ಮನಸ್ಸಾದರೆ ತಡೆಯುತ್ತಾನೆ. ಇಬ್ಬರಲ್ಲಿ ಒಬ್ಬರು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಒಂದೇ ಪೆಟ್ಟು ಎರಡಾಗಿ ಕೇಳಿಸುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ನಾನು ಬಾಗೇವಾಡಿಯ ಆ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದಾಗ ನಾಲತವಾಡದ ಆಚೆಯ ಒಂದು ಹಳ್ಳಿಯಿಂದ ಹೆಜ್ಜೆ ಮೇಳದವರು ಬಂದು ಬಾರಿಸಿದ್ದರು. ಕಾಲಿಗೆ ಗೆಜ್ಜೆ ಕಟ್ಟಿ, ಹಲಗಿಯ ತಾಳಕ್ಕೆ ಸಾಲಾಗಿ ಹೆಜ್ಜೆ ಹಾಕುವ ಮೇಳ ಅದು. ಮೊಹರಂ ಬಂತೆಂದರೆ ಆ ಊರಿನ ಹಿಂದೂಗಳು, ಮುಸಲ್ಮಾನರು ಒಂದೇ ಸಾಲಿನಲ್ಲಿ ಕುಣಿಯುತ್ತಾರೆ. ಹಾಡಿದವರು ದೇವರ ಹಿಪ್ಪರಗಿಯ ಒಬ್ಬ ಹಾಡುಗಾರ್ತಿ. ಹಲಗಿಯ ನಡೆಗೆ ಯಂತ್ರವನ್ನು ಬಗ್ಗಿಸೋಣ ಎಂದು ನಾನು ಹೇಳಿದೆ. ಮಾಲೀಕರು ನಕ್ಕರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕುಳಿತು, ಹಲಗಿಯ ಒಂದೊಂದು ಪೆಟ್ಟನ್ನೂ ಕತ್ತರಿಸಿ, ಪರದೆಯ ಮೇಲಿನ ಯಂತ್ರದ ಗೆರೆಗಳಿಗೆ ಎಳೆದೆಳೆದು ಕೂಡಿಸಿದರು. ನೋಡಲು ಗೆರೆ ಹಾಕಿದ ಪುಸ್ತಕದಲ್ಲಿ ಬರೆದ ಅಕ್ಷರದಷ್ಟು ಚೆಂದವಾಗಿತ್ತು.

ಹಾಡು ಹೊರಬಂದ ಮೇಲೆ ಮೇಳದವರು ಸ್ಟುಡಿಯೊಗೆ ಬಂದರು. ಮೇಳದ ಹಿರಿಯರು ಬಾಗಿಲಲ್ಲೇ ನಿಂತು ಹೇಳಿದರು.

"ಈ ಹಾಡಿಗೆ ಹೆಜ್ಜಿ ಬೀಳವಲ್ವು ರೀ. ಕಾಲ ತೊಡರತಾವ."

ಮಾಲೀಕರು ಕಣ್ಣು ಮಿಟುಕಿಸದೆ ನನ್ನ ಕಡೆ ಬೆರಳು ತೋರಿಸಿದರು. "ಈ ಹುಡುಗಿ ಕೂಡ್ಸ್ಯಾಳ್ರಿ ಅದನ್ನ. ತಾಳ ಅಂದ್ರ ಏನಂತ ಗೊತ್ತಿಲ್ಲ ಇಕಿಗೆ. ಮೈಕ್ ಸೆಟ್‌ನವರ ಮಗಳು, ಕಲೀತಾಳ ಅಂತ ಇಟ್ಕೊಂಡಿದ್ದೆ."

ಇಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿರಿಯರು ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅದೇ ವಾರ ನನ್ನನ್ನು ಕೆಲಸದಿಂದ ತೆಗೆದರು.

ಹಾಡು ಮಾತ್ರ ಎಲ್ಲಾ ಕಡೆ ಹೆಸರು ಮಾಡಿತು. ಟ್ರ್ಯಾಕ್ಟರ್ ಮೇಲೆ ಕುಳಿತು ಕೇಳುವವರಿಗೆ ಹೆಜ್ಜೆಯ ಗೊಡವೆ ಎಲ್ಲಿಯದು? ಆದರೆ ಇಂಡಿಯಿಂದ ಮುದ್ದೇಬಿಹಾಳದ ತನಕ ಹಲಗಿ, ಡೊಳ್ಳು ಬಾರಿಸುವವರ ನಡುವೆ ಇನ್ನೊಂದು ಮಾತೂ ಅಷ್ಟೇ ವೇಗವಾಗಿ ಓಡಿತು. ತಾಳ ಗೊತ್ತಿಲ್ಲದ ಹುಡುಗಿ, ಮೇಳದವರ ಹಲಗಿ ಕೊಚ್ಚಿಹಾಕಿದಾಕಿ. ನಾನು ಸಿಂದಗಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ ಹಿಡಿದು, ಸದ್ದು ಹೀರಲೆಂದು ಅಮ್ಮಿ ಹೊಲಿದ ಹಳೇ ಕೌದಿಗಳನ್ನು ಗೋಡೆಗೆ ತೂಗುಹಾಕಿ, ಸ್ವಂತ ಸ್ಟುಡಿಯೊ ಎಂದು ಬೋರ್ಡ್ ಬರೆಸಿದೆ. ಹಿಟ್ಟು ಬೀಸಿಸಲು ಬಂದವರು ಮೇಲೆ ಹತ್ತಿ ಬಂದು, ಇಲ್ಲಿ ಏನು ಬೀಸುತ್ತೀರಿ ಎಂದು ಕೇಳುತ್ತಿದ್ದರು. ಹಾಡುವವರು ಯಾರೂ ಬರಲಿಲ್ಲ. ಕ್ಷಮಿಸಿಬಿಡು, ದೊಡ್ಡವರು ಎಂದು ಮನೆಯಲ್ಲಿ ಬುದ್ಧಿ ಹೇಳಿದರು. ಹೆಸರು ಕೆಟ್ಟದ್ದು ಅವರದಲ್ಲ, ನನ್ನದು. ನಾನು ಕ್ಷಮಿಸಲಿಲ್ಲ, ಕ್ಷಮಿಸುವ ಮನಸ್ಸೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಆ ಹಾಡುಗಾರ್ತಿಯೇ ನನ್ನ ಕೋಣೆಗೆ ಬಂದರು. ಸೆರಗಿಗೆ ಹತ್ತಿದ ಹಿಟ್ಟು ಕೊಡವಿಕೊಳ್ಳುತ್ತ ಕುಳಿತು ನೇರವಾಗಿ ಮಾತಿಗೆ ಬಂದರು.

"ನಿನ್ನ ಬಗ್ಗೆ ಒಂದ ಛಲೋ ಮಾತು ಕೇಳಿಲ್ಲವ್ವಾ ನಾ."

"ಮತ್ತ್ಯಾಕ ಬಂದ್ರಿ ಅಕ್ಕಾರ?"

"ಹೊಸಾ ಹಾಡು ಮಾಡೇನಿ. ಬಾಗೇವಾಡಿಯವ್ರು ಈ ಸಲ ಮೇಳಾನ ಬ್ಯಾಡ ಅಂತಾರ. ಹಲಗಿ ಪೆಟ್ಟೆಲ್ಲಾ ನಮ್ಮ ಕಂಪ್ಯೂಟರ್‌ನ್ಯಾಗ ಕೂಡಿಟ್ಟೇವಿ, ಮುದುಕ್ರಿಗೆ ಯಾಕ ತ್ರಾಸ ಅಂತಾರ. ನಂಗ ಮೇಳ ಬೇಕು. ನನ್ನ ಹಾಡಿಗೆ ಆ ಮಂದಿ ಹೆಜ್ಜಿ ಹಾಕಬೇಕು, ಅದನ್ನ ಊರ ಮಂದಿ ನೋಡಬೇಕು. ಹೋದ ಹಾಡಿಗೆ ಅವ್ರು ಒಂದ ದಿನ ಕುಣೀಲಿಲ್ಲ, ಗೊತ್ತೈತಿ ನಿಂಗ?"

"ಗೊತ್ತೈತ್ರಿ."

"ಅವ್ರು ಕುಣದ್ರ ನಿನ್ನ ಹೆಸರ ಉಳೀತೈತಿ. ಕಾಲ ತೊಡರಿದ್ರ ಈ ಬೋರ್ಡ್ ಇಳಿಸಿ, ನಿಮ್ಮ ಅಬ್ಬಾನ ಜೋಡಿ ಮದಿವಿಗೆ ಮೈಕ್ ಹಚ್ಚಾಕ ಹೋಗು. ಒಪ್ಪಿಗಿನೋ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಸಲವೂ ತಪ್ಪಿದರೆ ಬಾಗೇವಾಡಿಯ ಮಾಲೀಕರು ಹೇಳಿದ್ದೇ ಖಾಯಂ ಆಗುತ್ತದೆ, ನಾನು ಸಾಯುವ ತನಕ ತಾಳ ಗೊತ್ತಿಲ್ಲದಾಕಿ. ಒಪ್ಪಿಗೆ ಎಂದೆ. ಬಿಡುಗಡೆಯ ಕಾರ್ಯಕ್ರಮ ಎಲ್ಲಿ ಎಂದು ಕೇಳಿದಾಗ, ಬಾಗೇವಾಡಿಯ ಕಲ್ಯಾಣ ಮಂಟಪದಲ್ಲಿ, ಮಾಲೀಕರನ್ನೂ ವೇದಿಕೆಗೆ ಕರೆಯಬೇಕಾಗುತ್ತದೆ, ಹಿಂದಿನ ಹಾಡು ಅವರದಲ್ಲವೇ ಎಂದರು. ನನಗೆ ಒಳಗೊಳಗೇ ಹಬ್ಬವಾಯಿತು.

ಮೇಳದ ಹಿರಿಯರನ್ನು ಒಪ್ಪಿಸಲು ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿಂದ ನಾಲತವಾಡದ ಬಸ್ಸು ಹಿಡಿದೆ. ಅವರು ಮನೆಯ ಕಟ್ಟೆಯ ಮೇಲೆ ಕುಳಿತು ಹಲಗಿಯ ಬಳೆಗೆ ಚರ್ಮ ಬಿಗಿಯುತ್ತಿದ್ದರು. ಬಾ ಎನ್ನಲಿಲ್ಲ, ಕುಳಿತುಕೋ ಎನ್ನಲಿಲ್ಲ.

"ನಮ್ಮ ಹಲಗಿ ಕೊಚ್ಚಿದಾಕಿ ನೀನ ಅಲ್ಲೇನು?"

"ನಾ ಅಲ್ರಿ ಕಾಕಾ. ಮಾಲಕರು ಕತ್ತರಿಸಿದ್ದು."

"ಅವ್ರು ನೀ ಅಂತಾರ. ನೀ ಅವ್ರು ಅಂತಿ. ಯಾರನ್ನ ನಂಬ್ಲಿ ನಾ? ಹಲಗಿ ಅಂತೂ ಅದರಾಗ ಸತ್ತು ಬಿದ್ದೈತಿ."

ಸಾಕ್ಷಿ ಇಲ್ಲದ ಜಗಳದಲ್ಲಿ ದೊಡ್ಡವರ ಮಾತೇ ನಿಲ್ಲುತ್ತದೆ. "ಈ ಸಲ ಒಂದ ಪೆಟ್ಟೂ ಕತ್ತರಸಂಗಿಲ್ರಿ, ಇದ್ದ ಜಾಗಾ ಬಿಟ್ಟು ಸರಸಂಗೂ ಇಲ್ಲ," ಎಂದಷ್ಟೇ ಹೇಳಿದೆ.

ಅವರು ಚರ್ಮದ ಅಂಚು ಎಳೆದು ಬಿಗಿದರು. "ಸರಸಿದ್ರ ನಮ್ಮ ಕಾಲಿಗೆ ಗೊತ್ತಾಕ್ಕೈತಿ. ಗೊತ್ತಾತಂದ್ರ ಎಲ್ಲಾ ಮೇಳದವ್ರಿಗೂ ನಿನ್ನ ಹೆಸರ ಹಿಡದು ಹೇಳ್ತೇನಿ. ಆಮ್ಯಾಲ ಅಳಬ್ಯಾಡ." ಅಷ್ಟಾದ ಮೇಲೆ ಒಳಗಿನಿಂದ ಚಹಾ ಬಂತು.

ಹಲಗಿಗಳ ಅಬ್ಬರಕ್ಕೆ ನನ್ನ ಕೋಣೆ ಸಾಲುತ್ತಿರಲಿಲ್ಲ. ಇಂಡಿಯಲ್ಲಿ ಪರಿಚಯದವರ ನಿಂಬೆಹಣ್ಣಿನ ಗೋದಾಮು ಖಾಲಿ ಇತ್ತು. ಹಣ್ಣು ಹೋಗಿದ್ದರೂ ಹುಳಿ ವಾಸನೆ ಗೋಡೆಗಳಲ್ಲಿ ಉಳಿದಿತ್ತು. ತಗಡಿನ ಚಾವಣಿಗೆ ಸದ್ದು ಬಡಿದು ವಾಪಸು ಬರದಂತೆ ಅದರ ಅಡಿಗೆಲ್ಲ ಖಾಲಿ ಗೋಣಿಚೀಲ ಕಟ್ಟಿಸಿದೆ. ಒಂದೊಂದು ಹಲಗಿಗೂ ಒಂದೊಂದು ಮೈಕ್, ಒಟ್ಟು ಸದ್ದಿಗೆ ಮೇಲೆ ಎರಡು, ಹಲಗಿಯ ಕೆಳಗಿನ ಗುಂಯ್‌ಗುಡುವ ದನಿ ಸಿಗಲಿ ಎಂದು ಹಿರಿಯರ ಮುಂದೆ ನೆಲದ ಹತ್ತಿರ ಒಂದು. ಗೆಜ್ಜೆ ಬಿಚ್ಚಿ ಬಾರಿಸಿರಿ, ಮೈಕಿನಲ್ಲಿ ಗಲಗಲ ಬರುತ್ತದೆ ಎಂದೆ. ಗೆಜ್ಜೆ ಬಿಚ್ಚಿದರೆ ಕೈ ಬರುವುದಿಲ್ಲ ಎಂದರು. ನಿಂತಲ್ಲೇ ನಿಂತು ಬಾರಿಸಿರಿ ಎಂದರೆ ಅದೂ ಆಗುವುದಿಲ್ಲ, ಬಾರಿಸುವವರೂ ಹೆಜ್ಜೆ ಹಾಕಲೇಬೇಕು. ಸರಿ, ಹಾಕಿರಿ ಎಂದೆ.

ಮೊದಲು ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದೆ. ಯಂತ್ರದ ಟಿಕ್ ಟಿಕ್ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಅದಕ್ಕೆ ಸರಿಯಾಗಿ ಬಾರಿಸಲು ಹೇಳುವುದು. ರುಮಾಲಿನ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡ ಹಿರಿಯರು ಸ್ವಲ್ಪ ಹೊತ್ತು ಬಾರಿಸಿ ನಿಲ್ಲಿಸಿದರು.

"ಕಿವ್ಯಾಗ ಹಲ್ಲಿ ಲೊಚಗುಟ್ಟಾಕತ್ತೈತಿ. ಇದನ್ನ ಕೇಳ್ಲೋ, ಹಲಗಿ ಬಾರಿಸ್ಲೋ?"

ಮೇಳದವರೆಲ್ಲ ನಕ್ಕರು. ಬಾರಿಸಿದಷ್ಟನ್ನು ಕೇಳಿ ನೋಡಿದೆ. ಲೆಕ್ಕ ಸರಿಯಿತ್ತು, ಜೀವ ಇರಲಿಲ್ಲ. ಹೆಡ್‌ಫೋನ್ ಇಳಿಸಿ, ನಿಮ್ಮ ಪಾಡಿಗೆ ಬಾರಿಸಿರಿ ಎಂದೆ.

ಇನ್ನೊಂದು ತೊಡಕು ಚರ್ಮದ್ದು. ಹೊರಗೆ ಜೋಳದ ಕಣಿಕಿ ಸುಟ್ಟು, ಆ ಉರಿಗೆ ಹಲಗಿ ಕಾಸಿಕೊಂಡು ಒಳಗೆ ಬರುತ್ತಾರೆ. ಕಾದ ಚರ್ಮ ಟಣ್ ಎನ್ನುತ್ತದೆ, ಆರುತ್ತ ಬಂದಂತೆ ದನಿ ಇಳಿಯುತ್ತದೆ. ಹೀಗಾಗಿ ಒಂದು ಸಲ ಬಾರಿಸಿದ್ದರ ಅರ್ಧ, ಇನ್ನೊಂದು ಸಲದ್ದರ ಅರ್ಧ ಜೋಡಿಸಿದರೆ ಹಲಗಿಯೇ ಬದಲಾದಂತೆ ಕೇಳುತ್ತದೆ. ಹಾಡಿನ ಮೊದಲಿನಿಂದ ಕೊನೆಯ ತನಕ ತಡೆಯಿಲ್ಲದೆ ಒಂದೇ ಉಸಿರಿಗೆ ಬಾರಿಸಿದ್ದೇ ಬೇಕು. ಕೆಲವು ಸಲ ಯಾರದೋ ಕೋಲು ಜಾರಿತು, ಒಮ್ಮೆ ಹೊರಗೆ ಲಾರಿಯ ಹಾರ್ನ್ ಹೊಡೆಯಿತು. ಊಟವಾದ ಮೇಲೆ, ಎಲ್ಲರಿಗೂ ಇನ್ನು ಸಾಕು ಎನಿಸಿದಾಗ, ಹಿರಿಯರು ಹಲಗಿಯನ್ನು ಚೆನ್ನಾಗಿ ಕಾಸಿಕೊಂಡು ಬಂದು ಸಿಟ್ಟು ಬಂದವರಂತೆ ಶುರುಮಾಡಿದರು. ಮೈ ಜುಂ ಎಂದಿತು. ಗೋದಾಮಿನ ಬಾಗಿಲಲ್ಲಿ ಹಮಾಲರು ಬಂದು ನಿಂತರು. ಅದು ಮುಗಿದಾಗ, ಇದು ಕೈಗೆ ಸಿಕ್ಕಿತು ಬಾಗೇವಾಡಿಯವರೇ, ಇನ್ನು ನೋಡಿಕೊಳ್ಳಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಷ್ಟು ಬೇಗ ಹಿಗ್ಗಬಾರದಿತ್ತು. ಸಿಂದಗಿಗೆ ತಂದು ಕೆಲಸಕ್ಕೆ ಕುಳಿತಾಗ ಒಂದರ ಮೇಲೊಂದು ಪೆಟ್ಟು ತಿಂದೆ. ಪೆಟ್ಟುಗಳನ್ನು ತಾನೇ ಗುರುತಿಸಿ ವೇಗ ಹೇಳುವ ಸೌಲಭ್ಯ ಕಂಪ್ಯೂಟರಿನಲ್ಲಿದೆ. ಅದಕ್ಕೆ ಈ ಹಲಗಿ ತಿಳಿಯಲೇ ಇಲ್ಲ. ಎಡಗೈಯ ಸಣ್ಣ ಕಡ್ಡಿಯ ಚುರುಕು ಪೆಟ್ಟನ್ನು ದೊಡ್ಡದೆಂದು ಹಿಡಿದು, ಬಲಗೈಯ ದಪ್ಪ ಕೋಲಿನ ಪೆಟ್ಟನ್ನು ಬಿಟ್ಟು, ವೇಗವನ್ನು ಎರಡು ಪಟ್ಟು ತೋರಿಸಿತು. ಅದನ್ನು ಬಂದ್ ಮಾಡಿ ಕೈಯಿಂದಲೇ ಶುರುಮಾಡಿದೆ. ಅಂದರೆ ಹಲಗಿಯ ಒಂದೊಂದು ಮುಖ್ಯ ಪೆಟ್ಟಿನ ಮೇಲೂ ಗುರುತು ಹಾಕುವುದು. ಆ ಗುರುತುಗಳೇ ಯಂತ್ರಕ್ಕೆ ದಾರಿ. ಮನುಷ್ಯ ಓಡಿದಲ್ಲಿ ಯಂತ್ರ ಓಡಬೇಕು, ತಡೆದಲ್ಲಿ ತಡೆಯಬೇಕು. ಮಾಲೀಕರು ಹಲಗಿಯನ್ನು ಯಂತ್ರದ ಬೆನ್ನಿಗೆ ಕಟ್ಟಿದ್ದರು, ನಾನು ಯಂತ್ರವನ್ನು ಹಲಗಿಯ ಬೆನ್ನಿಗೆ ಕಟ್ಟುತ್ತೇನೆ ಎಂದು ಹೊರಟಿದ್ದೆ.

ಹಾಡಿನ ಮೊದಲ ಭಾಗ ಚೆಂದಾಗಿ ಕೂಡಿಬಂತು. ಆಮೇಲೆ ಮೇಳದವರು ತಿರುವು ಎನ್ನುವ ಜಾಗ ಬರುತ್ತದೆ. ಸಾಲು ಪೂರ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೈ ತಿರುಗಿಸುವ ಹೊತ್ತು ಅದು. ಅಲ್ಲಿಂದ ಯಂತ್ರ ದಾರಿ ತಪ್ಪಿತು. ಹಲಗಿ ಒಂದು ಕಡೆ, ಯಂತ್ರ ಒಂದು ಕಡೆ. ಗುರುತು ಅಳಿಸಿ ಮತ್ತೆ ಹಾಕಿದೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಪೆಟ್ಟಿನ ಮೇಲೆ ಕರಾರುವಾಕ್ಕಾಗಿ ಗುರುತು ಕೂತಿದೆ, ಕಣ್ಣಿಗೆ ಕಾಣುತ್ತಿದೆ, ಕಿವಿ ಮಾತ್ರ ಒಪ್ಪುತ್ತಿಲ್ಲ. ಕೆಳಗೆ ಗಿರಣಿಯ ಪಟ್ಟೆ ಟಪ ಟಪ ಎಂದು ಒಂದೇ ಸಮ ಓಡುತ್ತಿತ್ತು, ಅದನ್ನು ಕೇಳಿದರೂ ಮೈ ಉರಿಯುತ್ತಿತ್ತು. ಹಾಡುಗಾರ್ತಿ ಫೋನ್ ಮಾಡಿ, ಎಲ್ಲಿಗೆ ಬಂತು ಎಂದು ಕೇಳಿದರು. ಬರುತ್ತಿದೆ ಎಂದೆ. "ಬರ್ತೈತಿ ಅಂತ ಬಾಗೇವಾಡಿಯವ್ರೂ ಅಂತಿದ್ರು," ಎಂದು ಫೋನ್ ಇಟ್ಟರು.

ಒಂದು ಹೊತ್ತಿನಲ್ಲಿ, ಈ ಮುದುಕರೇ ತಿರುವಿನಲ್ಲಿ ತಪ್ಪುತ್ತಿದ್ದಾರೆ, ಆ ಒಂದು ಪೆಟ್ಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಎಲ್ಲಾ ಸರಿಹೋಗುತ್ತದೆ ಎನಿಸಿತು. ಕೈ ಮೌಸಿನ ಮೇಲಿತ್ತು. ಆಗ ಇದೇ ಮಾತನ್ನು ಇದೇ ಧಾಟಿಯಲ್ಲಿ ಎಲ್ಲಿ ಕೇಳಿದ್ದೇನೆ ಎಂಬುದು ನೆನಪಾಯಿತು. ಬಾಗೇವಾಡಿಯ ಸ್ಟುಡಿಯೊದಲ್ಲಿ, ನನ್ನ ಕುರ್ಚಿಯಲ್ಲಿ ಕುಳಿತವರ ಬಾಯಲ್ಲಿ. ಮೌಸನ್ನು ದೂರ ತಳ್ಳಿ, ಕೆಳಗಿಳಿದು ಹೋಗಿ ಚಹಾ ಕುಡಿದು ಬಂದೆ.

ವಾಪಸು ಬಂದಾಗ ಕರೆಂಟ್ ಹೋಗಿತ್ತು. ಗಿರಣಿ ನಿಂತಿತ್ತು. ಆ ಕೋಣೆ ಅಷ್ಟು ನಿಶ್ಶಬ್ದವಾಗುವುದೇ ಅಪರೂಪ. ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ನಡೆಯುತ್ತಿತ್ತು. ಇದ್ದ ಅವಕಾಶದಲ್ಲಿ ಮೈಕುಗಳನ್ನು ಒಂದೊಂದಾಗಿ ಕೇಳೋಣವೆಂದು ಹೆಡ್‌ಫೋನ್ ಹಾಕಿಕೊಂಡೆ. ನೆಲದ ಹತ್ತಿರ ಇಟ್ಟಿದ್ದ ಮೈಕಿನ ಸದ್ದನ್ನು ಆವರೆಗೆ ನಾನು ಸರಿಯಾಗಿ ಕೇಳಿಯೇ ಇರಲಿಲ್ಲ. ಬರೀ ಗೆಜ್ಜೆಯ ಗಲಾಟೆ ಎಂದು ದನಿ ಇಳಿಸಿ ಮೂಲೆಗೆ ಹಾಕಿದ್ದೆ. ಅದೊಂದನ್ನೇ ಹಚ್ಚಿ ಕೇಳುತ್ತ ಹೋದೆ. ತಿರುವು ಬಂತು. ಹಲಗಿಗಳೆಲ್ಲ ಒಂದು ಕ್ಷಣ ಸುಮ್ಮನಾದವು. ಆ ಸುಮ್ಮನಾದ ಜಾಗದಲ್ಲಿ ಧಪ್ ಎಂದು ಒಂದು ಕಾಲು ನೆಲಕ್ಕೆ ಬಿತ್ತು, ಗೆಜ್ಜೆ ಝಲ್ ಎಂದಿತು. ಅದಾದ ಮೇಲೆ ಹಲಗಿ ಬಂತು.

ಮತ್ತೆ ಮತ್ತೆ ಕೇಳಿದೆ. ಪ್ರತಿ ತಿರುವಿನಲ್ಲೂ ಅದೇ. ತಿರುವಿನಲ್ಲಿ ತಾಳದ ಮುಖ್ಯ ಪೆಟ್ಟು ಹಲಗಿಯ ಮೇಲೆ ಬೀಳುವುದೇ ಇಲ್ಲ. ಅಲ್ಲಿ ಹಲಗಿ ಬಾಯಿ ಮುಚ್ಚಿಕೊಳ್ಳುತ್ತದೆ, ಪೆಟ್ಟು ಕಾಲಿನದು. ಸಾಲು ತಿರುಗಿ ಕಾಲೂರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಜಾಗ ಹಿಗ್ಗುತ್ತದೆ. ನಾವೆಲ್ಲ ಮುಖ್ಯ ಪೆಟ್ಟೆಂದು ಗುರುತು ಹಾಕುತ್ತಿದ್ದದ್ದು ಅದರ ನಂತರ ಬರುವ ಹಲಗಿಯ ಪೆಟ್ಟನ್ನು. ಮಾಲೀಕರಂತೂ ಆ ಖಾಲಿ ಜಾಗವನ್ನೇ ತಪ್ಪೆಂದು ತಿಳಿದು ಕತ್ತರಿಸಿ ಎಸೆದು, ಮುಂದಿನ ಪೆಟ್ಟನ್ನು ಎಳೆದು ತಂದು, ಅದರ ಜೊತೆಗೆ ಯಂತ್ರದ ಗುದ್ದು ಸೇರಿಸಿದ್ದರು. ಕಾಲು ಇನ್ನೂ ಗಾಳಿಯಲ್ಲಿರುವಾಗ ತಾಳ ಮುಂದೆ ಹೋಗಿರುತ್ತಿತ್ತು. ಕಾಲು ತೊಡರದೆ ಏನು ಮಾಡೀತು?

ಹಾಕಿದ್ದ ಗುರುತುಗಳನ್ನೆಲ್ಲ ಅಳಿಸಿದೆ. ಅಷ್ಟು ದಿನದ ಕೆಲಸ ಹೋಯಿತು, ಹೊಟ್ಟೆ ಉರಿಯಲಿಲ್ಲ. ಹೊಸದಾಗಿ ಕಾಲಿನ ಸದ್ದಿನ ಮೇಲೆ ಗುರುತು ಹಾಕುತ್ತ ಹೋದೆ. ಎಲ್ಲರ ಕೈಯೂ ಹಿರಿಯರ ಕಾಲಿನ ಹಿಂದೆಯೇ ನಡೆದಿತ್ತು. ಯಂತ್ರವನ್ನೂ ಆ ಕಾಲಿನ ಹಿಂದೆ ಬಿಟ್ಟೆ. ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಹಾಡು ಏರುತ್ತ ಏರುತ್ತ ಕೊನೆ ಮುಟ್ಟುವ ತನಕ ಎಲ್ಲೂ ಕಲ್ಲು ಸಿಗಲಿಲ್ಲ. ಒಬ್ಬಳೇ ಕುಳಿತು ಜೋರಾಗಿ ನಕ್ಕುಬಿಟ್ಟೆ. ಕೆಳಗೆ ಸರದಿಗೆ ಕಾಯುತ್ತಿದ್ದ ಹೆಂಗಸರು ಏನಾಯಿತೆಂದು ಮೇಲೆ ನೋಡಿದರು.

ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. ಆ ಖಾಲಿ ಜಾಗ ಸಿಕ್ಕಿದ್ದನ್ನು ಜಗತ್ತಿಗೆ ತೋರಿಸಬೇಡವೇ? ಅದರಲ್ಲೂ ಬಾಗೇವಾಡಿಯ ಕಿವಿಗಳಿಗೆ ಕೇಳಿಸಬೇಡವೇ? ಪ್ರತಿ ತಿರುವಿನಲ್ಲಿ ಕಾಲು ಬೀಳುವ ಕ್ಷಣಕ್ಕೆ ಸರಿಯಾಗಿ, ಮಂಟಪದ ಕಿಟಕಿ ಅದುರುವಂಥ ಒಂದು ಯಂತ್ರದ ಗುದ್ದು ಇಟ್ಟೆ. ನನ್ನ ಸಿಟ್ಟನ್ನೆಲ್ಲ ಆ ಒಂದು ಸದ್ದಿನಲ್ಲಿ ತುಂಬಿದ್ದೆ. ಕೇಳಿದರೆ ಯಾರಿಗಾದರೂ ಗೊತ್ತಾಗಬೇಕು, ಈಕೆಗೆ ತಾಳ ಗೊತ್ತು ಎಂದು.

ಇಂಡಿಯ ಗೋದಾಮಿನಲ್ಲಿ ಸ್ಪೀಕರ್ ಇಟ್ಟು ಮೇಳದವರನ್ನು ಹೆಜ್ಜೆ ಹಾಕಿಸಿ ನೋಡಿದೆ. ಕಾಲು ತೊಡರಲಿಲ್ಲ. ಮುಗಿದ ಮೇಲೆ ಹಿರಿಯರು ಬೆವರು ಒರೆಸಿಕೊಂಡು ಹೇಳಿದರು, "ಛಲೋ ಐತಿ ಬಿಡವಾ."

ನಮ್ಮ ಕಡೆಯವರು ನಿಜವಾಗಿ ಮೆಚ್ಚಿದರೆ ಹೀಗೆ ಹೇಳುವುದಿಲ್ಲ, ಬೈಯುತ್ತಾರೆ. 'ಛಲೋ ಐತಿ ಬಿಡು' ಎಂದರೆ ಮಾತು ಮುಗಿಸಿದರು ಎಂದರ್ಥ. ಇನ್ನೊಮ್ಮೆ ಹೆಜ್ಜೆ ಹಾಕಿರಿ ಎಂದು ಬೇಡಿಕೊಂಡು, ಈ ಸಲ ಸದ್ದು ಕೇಳದೆ ಅವರ ಕಾಲುಗಳನ್ನೇ ನೋಡುತ್ತ ನಿಂತೆ. ತಿರುವಿನಲ್ಲಿ ನನ್ನ ಗುದ್ದು ಬಿದ್ದಾಗಲೆಲ್ಲ ಸಾಲು ಸ್ವಲ್ಪ ಬೆಚ್ಚುತ್ತಿತ್ತು. ತಾವು ಊರಬೇಕಾದ ಜಾಗದಲ್ಲಿ ಬೇರೆ ಯಾರೋ ಮೊದಲೇ ಕಾಲಿಟ್ಟಂತೆ, ಹೆಜ್ಜೆಯನ್ನು ಮೆತ್ತಗೆ ಇಡುತ್ತಿದ್ದರು. ಅವರ ಗೆಜ್ಜೆಯ ಝಲ್ ನನ್ನ ಸದ್ದಿನ ಅಡಿಯಲ್ಲಿ ಸತ್ತುಹೋಗುತ್ತಿತ್ತು.

ಆ ಗುದ್ದನ್ನು ತೆಗೆಯುವುದು ನನಗೆ ಸುಲಭವಿರಲಿಲ್ಲ. ಸಿಂದಗಿಗೆ ವಾಪಸು ಹೋಗುವ ಬಸ್ಸಿನ ತುಂಬ ನನ್ನೊಂದಿಗೆ ನಾನೇ ಜಗಳವಾಡಿದೆ. ಅದು ಹೋದರೆ ನಾನು ಮಾಡಿದ್ದು ಕೇಳಿಸುವುದೇ ಇಲ್ಲ. ಕೆಲಸ ಮಾಡಿದವಳು ಯಾರಿಗೂ ಕಾಣದ ಹಾಗೆ ಇರಬೇಕೆಂದರೆ ಸೇಡು ತೀರಿಸುವುದು ಹೇಗೆ? ಆದರೆ ಮೇಳದವರು ಬೆಚ್ಚುತ್ತ ಕುಣಿಯುವುದನ್ನು ನೋಡಿ ಮಾಲೀಕರು ಮುಸಿಮುಸಿ ನಗುವ ಚಿತ್ರ ಕಣ್ಣ ಮುಂದೆ ಬಂತು. ಅದನ್ನಂತೂ ನಾನು ಸಹಿಸಲಾರೆ. ಕೋಣೆಗೆ ಹೋದವಳೇ ತಿರುವುಗಳಲ್ಲಿ ಯಂತ್ರದ ಬಾಯಿ ಪೂರ್ತಿ ಮುಚ್ಚಿದೆ. ಗುದ್ದಿಲ್ಲ, ಗುಂಯ್ ಇಲ್ಲ, ಏನೂ ಇಲ್ಲ. ಹಲಗಿ ಸುಮ್ಮನಾದಾಗ ಯಂತ್ರವೂ ಸುಮ್ಮನಾಗಬೇಕು, ಹಲಗಿ ಬಂದಾಗ ಜೊತೆಗೇ ಬರಬೇಕು. ನಡುವಿನ ಜಾಗ ಕಾಲಿಗೆ.

ಬಿಡುಗಡೆ ಬೆಳಗಿನ ಹೊತ್ತಿನಲ್ಲಿತ್ತು. ಬಾಗೇವಾಡಿಯ ಕಲ್ಯಾಣ ಮಂಟಪ ತುಂಬಿತ್ತು. ಸುತ್ತಲಿನ ತಾಲೂಕುಗಳ ಹಾಡುಗಾರರು, ಹಲಗಿಯವರು, ಡೊಳ್ಳಿನವರು, ನನ್ನ ಬಗ್ಗೆ ಮಾತು ಹಬ್ಬಿಸಿದವರು, ಆ ಮಾತನ್ನು ನಂಬಿದವರು, ಎಲ್ಲರೂ ಇದ್ದರು. ಸ್ಪೀಕರ್ ಮಾಲೀಕರದೇ. ಹಾಡು ಹಚ್ಚುವ ಕೆಲಸ ನನ್ನದು. ವೇದಿಕೆಯ ಎದುರು, ಸಭೆಯ ಹಿಂದೆ ಮೇಜು ಹಾಕಿಕೊಂಡು ಕುಳಿತೆ. ಮಾಲೀಕರು ಶಾಲು ಹೊದ್ದು ವೇದಿಕೆಯ ಮೊದಲ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದರು.

ಹೊಸ ಹಾಡು ಹಚ್ಚಿದೆ. ಹಾಡುಗಾರ್ತಿ ಹಾಡಿದರು, ಮೇಳ ಹೆಜ್ಜೆ ಹಾಕಿತು. ಯಂತ್ರದ ಸದ್ದು ಹಲಗಿಯ ಹೊಟ್ಟೆಯಿಂದಲೇ ಬಂದಂತಿತ್ತು. ತಿರುವು ಬಂತು. ಅಷ್ಟು ದೊಡ್ಡ ಸ್ಪೀಕರುಗಳು ಒಮ್ಮೆಲೇ ಸುಮ್ಮನಾದವು. ಸಾಲು ತಿರುಗಿತು, ಕಾಲುಗಳೆಲ್ಲ ಒಂದಾಗಿ ಮರದ ವೇದಿಕೆಗೆ ಧಪ್ ಎಂದು ಬಿದ್ದವು, ಗೆಜ್ಜೆ ಝಲ್ಲೆಂದಿತು. ಹಲಗಿ, ಯಂತ್ರ ಕೂಡಿ ಎದ್ದು ಬಂದವು. ಸಭೆಯಲ್ಲಿ ಯಾರೋ ಹೋ ಎಂದು ಕೂಗಿದರು. ಮುಂದಿನ ತಿರುವಿಗೆ ಇಡೀ ಮಂಟಪ ಆ ಕಾಲಿಗಾಗಿ ಕಾಯುತ್ತಿತ್ತು. ಡೊಳ್ಳಿನವರು ತಿರುಗಿ ತಿರುಗಿ ಹಿಂದೆ ಕುಳಿತ ನನ್ನನ್ನು ನೋಡಿದರು. ನನ್ನ ಕಣ್ಣು ಮಾಲೀಕರ ಮೇಲಿತ್ತು. ಅವರು ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿದ್ದರು. ಅವರಿಗೂ ಕೇಳಿಸಿತ್ತು.

ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಅವರು ಎದ್ದು ಮೈಕ್ ಹಿಡಿದರು.

"ಆ ಹುಡುಗಿ ನಮ್ಮಲ್ಲೇ ಕಲತಾಕಿ. ಹಿಂದಿನ ಹಾಡು ಎಲ್ಲಾರೂ ಕೇಳೀರಿ, ಈಗೂ ಎಲ್ಲಾ ಟ್ರ್ಯಾಕ್ಟರ್‌ನ್ಯಾಗ ಅದ ಬಡೀತೈತಿ. ಅದರ ತಾಳ ಪೂರಾ ನಾನ ಕುಂತು ಕೂಡ್ಸಿದ್ದು, ಒಂದೊಂದು ಪೆಟ್ಟು ನನ್ನ ಕೈಲೇ. ಇಕಿ ಆಗ ಮಗ್ಗಲ ನಿಂತು ನೋಡತಿದ್ಲು. ಹಂಗ ನೋಡಿ ನೋಡಿ ಇವತ್ತ ಇಷ್ಟು ಕಲತಾಳ. ನಂಗ ಭಾಳ ಖುಷಿ ಆತು."

ಸಭೆ ಚಪ್ಪಾಳೆ ತಟ್ಟಿತು. ಕೆಟ್ಟಾಗ ನನ್ನ ತಲೆಗೆ ಕಟ್ಟಿದ ಹಾಡು ಹೆಸರಾದ ಮೇಲೆ ಅವರದಾಯಿತು, ಈಗ ನಾನು ಮಾಡಿದ್ದೂ ಅವರದೇ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮೇಳದ ಹಿರಿಯರು ನಿಧಾನವಾಗಿ ತಲೆ ತಿರುಗಿಸಿ, ಮೊದಲು ಮಾಲೀಕರನ್ನು, ಆಮೇಲೆ ಸಭೆಯಾಚೆಗಿದ್ದ ನನ್ನನ್ನು ನೋಡಿದರು.

"ಹಳೇ ಹಾಡು ಹಚ್ರಿ!" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಇನ್ನೂ ನಾಲ್ಕು ಕಡೆಯಿಂದ ಅದೇ ಕೂಗು ಎದ್ದಿತು. ಮಾಲೀಕರ ಮುಖ ಅರಳಿತು. ನನ್ನ ಕಡೆ ಕೈ ಬೀಸಿದರು. "ಹಚ್ಚ ತಂಗಿ, ಹಚ್ಚು. ಮೇಳದವ್ರು ಹೆಂಗೂ ಗೆಜ್ಜಿ ಕಟ್ಗೊಂಡ ನಿಂತಾರ, ಅದಕ್ಕೂ ಒಂದೆರಡು ಹೆಜ್ಜಿ ಹಾಕ್ಲಿ."

ನನ್ನ ಮೇಜಿನ ಮೇಲೂ ಒಂದು ಮೈಕ್ ಇತ್ತು. "ಖರೇನ ಹಚ್ಲೇನ್ರಿ ಸರ್?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ಹಚ್ಚಂದ್ನಲ್ಲಾ."

ನಾನು ಹಿರಿಯರ ಮುಖ ನೋಡಿದೆ. ಅವರು ಬೇಡ ಎಂದಿದ್ದರೆ ಹಚ್ಚುತ್ತಿರಲಿಲ್ಲ. ಅವರು ರುಮಾಲು ಬಿಗಿ ಮಾಡಿಕೊಂಡರು. "ಹಚ್ಚವಾ," ಎಂದರು. "ನೋಡೂಣಂತ, ಎಲ್ಲಾರೂ."

ಹಚ್ಚಿದೆ. ಮೊದಲ ಭಾಗಕ್ಕೆ ಸಭೆ ಜೊತೆಯಲ್ಲೇ ಹಾಡಿತು. ಮೇಳ ಹೆಜ್ಜೆ ಹಾಕಿತು. ತಿರುವು ಬಂತು. ಸಾಲು ತಿರುಗಿತು, ಕಾಲುಗಳು ಮೇಲೆದ್ದವು, ಅಷ್ಟರಲ್ಲಿ ಸ್ಪೀಕರಿನಿಂದ ಮಾಲೀಕರ ಗುದ್ದು ಬಿದ್ದು ತಾಳ ಮುಂದೆ ಓಡಿತು. ಹಿರಿಯರು ತೊಡರಿಕೊಳ್ಳಲಿಲ್ಲ. ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದು ನಿಂತುಬಿಟ್ಟರು. ಅವರನ್ನು ನೋಡಿ ಇಡೀ ಸಾಲು ಹಾಗೆಯೇ ಒಂಟಿಕಾಲಲ್ಲಿ, ಕೆರೆಯ ದಂಡೆಯ ಕೊಕ್ಕರೆಗಳಂತೆ ನಿಂತಿತು. ಹಾಡು ತನ್ನ ಪಾಡಿಗೆ ಹೋಗುತ್ತಿತ್ತು. ಮೊದಲು ಸಭೆಗೆ ತಿಳಿಯಲಿಲ್ಲ. ಆಮೇಲೆ ಮುಂದಿನ ಸಾಲಿನ ಹಲಗಿಯವರೊಬ್ಬರು ಬಾಯಿಗೆ ಟವೆಲ್ ಅಡ್ಡ ಹಿಡಿದರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಹಿರಿಯರು ಕಾಲಿಳಿಸಿ ಹಾಡುಗಾರ್ತಿಯ ಮೈಕಿನ ಹತ್ತಿರ ಬಂದರು. ಮಾಲೀಕರ ಕಡೆ ತಿರುಗಿ ಕೈಮುಗಿದರು. "ಒಂದೊಂದು ಪೆಟ್ಟು ನಿಮ್ಮ ಕೈಲೇ ಇಟ್ಟೀರಿ ಅಂದ್ರಿ. ನಮ್ಮ ಕಾಲಿಗೆ ಎಲ್ಲಿ ಜಾಗಾ ಇಟ್ಟೀರಿ, ಒಂಚೂರು ತೋರ್ಸ್ರೀ ಸಾಹುಕಾರ್ರ."

ಮಾಲೀಕರು ಬಾಯಿ ತೆರೆದರು. ಬೆರಳು ಅಭ್ಯಾಸದಂತೆ ನನ್ನ ಕಡೆಗೆ ಏಳುತ್ತಿತ್ತು. ಅರ್ಧಕ್ಕೆ ಏರಿದ್ದು ಅಲ್ಲೇ ನಿಂತಿತು. ಏನೆಂದು ಹೇಳಿಯಾರು? ಈಗಷ್ಟೇ ತಮ್ಮ ಬಾಯಿಂದಲೇ ಇಷ್ಟು ಜನರಿಗೆ ಹೇಳಿಯಾಗಿತ್ತು. ಆ ಬೆರಳು ಇಳಿಯುವುದನ್ನು ನಾನು ಪೂರ್ತಿ ನೋಡಿದೆ. ಎಷ್ಟು ದಿನದಿಂದ ಹಸಿದಿದ್ದೆನೋ, ಹೊಟ್ಟೆ ತುಂಬಿತು.

ಅವರು ನನ್ನತ್ತ ನೋಡಿ, ನಿಲ್ಲಿಸು ಎಂದು ಕೈಯಾಡಿಸಿದರು. ಮತ್ತೊಮ್ಮೆ ಆಡಿಸಿದರು. ಮೇಳದವರು ಸಾಲು ಸರಿಮಾಡಿಕೊಂಡು ಮತ್ತೆ ಕಾಲೆತ್ತಲು ತಯಾರಾಗಿದ್ದರು. ನಾನು ಲ್ಯಾಪ್‌ಟಾಪಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಆ ಹಾಡಿನಲ್ಲಿ ಇನ್ನೂ ಮೂರು ತಿರುವು ಬಾಕಿ ಇದ್ದವು.